ಒನಕೆ ಯಾವ ಪೀರಿಯಡ್ಡಿಗೆ ಸೇರಿದ್ದು?

ಪಠ್ಯಪುಸ್ತಕದ ಬಗ್ಗೆ ನಾವು ಆಡಿದ ಜಗಳಗಳೆಲ್ಲ ಯಾವ ಪಾಠ ಒಳಗೆ, ಯಾವ ಪಾಠ ಹೊರಗೆ ಅನ್ನುವಲ್ಲಿಗೆ ಬಂದು ನಿಲ್ಲುತ್ತವೆ. 2022ರಲ್ಲಿ ಆದದ್ದೂ ಅದೇ. ಹತ್ತನೇ ತರಗತಿಯ ಪುಸ್ತಕದಲ್ಲಿದ್ದ ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ದೇವನೂರ ಮಹಾದೇವ ವಾಪಸು ಪಡೆದರು. ಅವರ ಹಿಂದೆ ಇನ್ನೂ ಕೆಲವರು ನಡೆದರು. ಆ ಜಗಳ ಬೇಕೇ ಬೇಕಿತ್ತು. ಆದರೆ ಒಳಗೆ ಬಂದ ಪಾಠ ತರಗತಿಯ ನಾಲ್ಕು ಗೋಡೆಯೊಳಗೆ ಏನಾಗುತ್ತದೆ ಅನ್ನೋ ಪ್ರಶ್ನೆಯನ್ನು ದಲಿತ ವಿಮರ್ಶೆ ಇನ್ನೂ ಗಟ್ಟಿಯಾಗಿ ಕೈಗೆತ್ತಿಕೊಂಡಿಲ್ಲ. ನಾವು ಕೃತಿಯನ್ನು ಓದುತ್ತೇವೆ, ಕೃತಿಕಾರನ ಜಾತಿಯನ್ನು ಓದುತ್ತೇವೆ. ಶಾಲೆಯ ಟೈಮ್‌ಟೇಬಲ್ಲನ್ನು ಓದುವುದಿಲ್ಲ. ಟೈಮ್‌ಟೇಬಲ್ಲೂ ಒಂದು ಪಠ್ಯವೇ, ಅದಕ್ಕೂ ಅದರದ್ದೇ ರಾಜಕಾರಣ ಇದೆ.

ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಕೂಡಿಸಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಅದಕ್ಕೂ ಮೊದಲೇ, 1995ರಲ್ಲಿ, ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ‘ನಲಿ-ಕಲಿ’ ಶುರುವಾಗಿತ್ತು. ಇವತ್ತು ಒಂದು ಐತಿಹಾಸಿಕ ಮಕ್ಕಳ ಕಥೆಯನ್ನೋ ಕಾದಂಬರಿಯನ್ನೋ ಹಿಡಿದು ಅದನ್ನೇ ಕನ್ನಡಕ್ಕೆ, ಪರಿಸರ ಅಧ್ಯಯನಕ್ಕೆ, ಗಣಿತಕ್ಕೆ, ಚಿತ್ರಕಲೆಗೆ ಹಂಚಿ ಕಲಿಸುವುದು ಒಳ್ಳೆಯ ಮೇಷ್ಟ್ರ ಲಕ್ಷಣ ಅನ್ನಿಸಿಕೊಂಡಿದೆ. ಇದು ಒಳ್ಳೆಯದೇ. ನನ್ನ ತಕರಾರು ಹಂಚುವ ವಿಧಾನದ ಮೇಲೆ. ಊರಿನಲ್ಲಿ ಪಾಲು ಹಂಚಿದಾಗ ಕೇರಿಗೆ ಬರೋದು ಏನು ಅಂತ ನಮಗೆ ಗೊತ್ತಿದೆ. ಪೀರಿಯಡ್ಡುಗಳಲ್ಲಿ ಕಥೆಯನ್ನು ಹಂಚಿದಾಗಲೂ ಹಾಗೇ ಆಗುತ್ತಿದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಂಥ ಬೋಧನೆಗೆ ತಟ್ಟನೆ ಕೈಗೆ ಸಿಗುವ ಕಥೆ ಒನಕೆ ಓಬವ್ವನದು. ಹುಳಿಯಾರು ದಾಟಿದರೆ ಚಿತ್ರದುರ್ಗ ಜಿಲ್ಲೆ. ಶಾಲೆಯ ಪ್ರವಾಸದ ಬಸ್ಸು ಕೋಟೆಗೆ ಹೋಗುತ್ತದೆ, ಮಕ್ಕಳು ಓಬವ್ವನ ಕಿಂಡಿಯಲ್ಲಿ ನುಸುಳಿ ಬರುತ್ತಾರೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಮಾಡುತ್ತಿದೆ. ಕಥೆ ಎಲ್ಲರಿಗೂ ಗೊತ್ತು. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ. ಕಾವಲಿನ ಕಹಳೆ ಮುದ್ದಹನುಮ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾನೆ. ಹೆಂಡತಿ ನೀರು ತರಲು ಹೋಗುತ್ತಾಳೆ. ಬಂಡೆಯ ಸಂದಿಯಲ್ಲಿ ಶತ್ರುಗಳು ನುಸುಳುವುದನ್ನು ಕಾಣುತ್ತಾಳೆ. ಒನಕೆ ಹಿಡಿದು ನಿಂತು ಒಬ್ಬೊಬ್ಬರನ್ನೇ ಬಡಿದು ಕೊಲ್ಲುತ್ತಾಳೆ. ಕೊನೆಗೆ ತಾನೂ ಸಾಯುತ್ತಾಳೆ. ಆಕೆಯನ್ನು ಛಲವಾದಿ ಸಮುದಾಯ ತನ್ನ ಮನೆಮಗಳು ಅಂತ ನೆನೆಯುತ್ತ ಬಂದಿದೆ.

ಈ ಕಥೆಯ ಮೇಲೆ ಬಿ.ಎಡ್., ಡಿ.ಎಡ್. ಮಕ್ಕಳು ಬರೆಯುವ ಪಾಠಯೋಜನೆಯ ಅಚ್ಚು ಹೆಚ್ಚುಕಮ್ಮಿ ಒಂದೇ. ಕನ್ನಡಕ್ಕೆ: ಪದಗಳ ಅರ್ಥ, ವಿರುದ್ಧಪದ, ನೀತಿ—ನಾಡಪ್ರೇಮ. ಸಮಾಜಕ್ಕೆ: ಚಿತ್ರದುರ್ಗದ ನಾಯಕರ ವಂಶ, ಮದಕರಿ ನಾಯಕ, 1779ರಲ್ಲಿ ಕೋಟೆಯ ಪತನ. ಗಣಿತಕ್ಕೆ: ಏಳು ಸುತ್ತಿನ ಕೋಟೆ, ಸೈನಿಕರ ಕೂಡುವ ಕಳೆಯುವ ಲೆಕ್ಕ. ವಿಜ್ಞಾನಕ್ಕೆ: ಬಂಡೆ, ಕಲ್ಲಿನ ವಿಧ. ಚಿತ್ರಕಲೆಗೆ: ಸೀರೆ ಸೆರಗು ಸಿಕ್ಕಿಸಿ ಒನಕೆ ಎತ್ತಿದ ಹೆಂಗಸು. ಎಲ್ಲ ವಿಷಯಕ್ಕೂ ಒಂದೊಂದು ತುಂಡು ಸಿಕ್ಕಿತು. ಓಬವ್ವ ಯಾರು ಅನ್ನೋದು ಮಾತ್ರ ಯಾವ ಪೀರಿಯಡ್ಡಿಗೂ ಬರಲಿಲ್ಲ. ಕನ್ನಡದ ಮೇಷ್ಟ್ರು ಅದು ಸಮಾಜದ ವಿಷಯ ಅಂತಾರೆ, ಸಮಾಜದ ಮೇಷ್ಟ್ರು ಅದು ಕಥೆಯ ವಿಷಯ ಅಂತಾರೆ. ಜಾತಿ ಎರಡು ಪೀರಿಯಡ್ಡುಗಳ ನಡುವಿನ ಬೆಲ್ಲಿನಲ್ಲಿ ಕಳೆದುಹೋಗುತ್ತದೆ.

ಆದರೆ ಕಥೆಯನ್ನೇ ಒಂದು ಸಲ ನಿಧಾನಕ್ಕೆ ನೋಡಿ. ಅದು ಶುರುವಾಗೋದು ಕತ್ತಿಯಿಂದಲ್ಲ. ಊಟ, ನೀರು, ಒನಕೆ ಈ ಮೂರರಿಂದ. ಅಸ್ಪೃಶ್ಯತೆ ಈ ನೆಲದಲ್ಲಿ ಕೆಲಸ ಮಾಡಿದ್ದೇ ಈ ಮೂರರ ಮೂಲಕ: ಯಾರು ಯಾರ ಜೊತೆ ಉಣ್ಣಬೇಕು, ಯಾರು ಯಾವ ನೀರು ಮುಟ್ಟಬೇಕು, ಯಾರು ಕುಟ್ಟಬೇಕು ಯಾರು ಕೂತು ತಿನ್ನಬೇಕು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರನ್ನು ಕೈಯಲ್ಲಿ ಎತ್ತಿಕೊಂಡಿದ್ದು ಯಾಕೆ ಅಂತ ತಿಳಿದವನಿಗೆ ಓಬವ್ವ ಕೊಡ ಹಿಡಿದು ಹೊರಟ ದಾರಿ ಬರೀ ದಾರಿಯಾಗಿ ಕಾಣುವುದಿಲ್ಲ. ಗಂಡನ ಹೆಸರಿನಲ್ಲೇ ಕಸುಬು ಇದೆ, ಕಹಳೆ. ಕೋಟೆಗೆ ಎಚ್ಚರಿಕೆ ಕೊಡುವ ಉಸಿರು ಅವನದು. ಆ ಕಸುಬಿನ ಮಾತನ್ನು ತೆಗೆದು ‘ಒಬ್ಬ ಕಾವಲುಗಾರ’ ಅಂತ ಬರೆದ ಕೂಡಲೇ ಒಂದು ಸಮುದಾಯದ ದುಡಿಮೆ ಅಳಿಸಿಹೋಯಿತು.

ಈ ಅಳಿಸುವಿಕೆಗೆ ಪಾಠ ಮಾಡುವವರನ್ನಷ್ಟೇ ದೂರುವುದು ತಪ್ಪಾಗುತ್ತದೆ. ನಮ್ಮ ಐತಿಹಾಸಿಕ ಕಾದಂಬರಿಯ ಪರಂಪರೆಯೇ ಅರಮನೆಯ ಬಾಗಿಲಿನಿಂದ ಒಳಗೆ ಹೋಗುವಂಥದ್ದು. ದುರ್ಗದ ಬಗ್ಗೆ ತ.ರಾ.ಸು. ಬರೆದಷ್ಟು ಪ್ರೀತಿಯಿಂದ ಇನ್ನಾರೂ ಬರೆದಿಲ್ಲ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಓದಿ ಬೆಳೆದ ತಲೆಮಾರುಗಳಿವೆ; ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೇಡ ಕುಲದ ನಾಯಕರನ್ನು ಕನ್ನಡ ಕಾದಂಬರಿಯ ನಡುಮನೆಗೆ ತಂದದ್ದು ಅವರ ದೊಡ್ಡ ಕೆಲಸ, ಅದನ್ನು ನಾವು ಒಪ್ಪಬೇಕು. ಆದರೆ ಈ ಬಗೆಯ ಕಾದಂಬರಿ ಸಿಂಹಾಸನದ ಕಣ್ಣಿನಿಂದ ಕೋಟೆಯನ್ನು ನೋಡುತ್ತದೆ. 1972ರ ‘ನಾಗರಹಾವು’ ಸಿನಿಮಾ ಬಂದ ಮೇಲಂತೂ ಓಬವ್ವ ಅಂದರೆ ಪುಟ್ಟಣ್ಣ ಕಣಗಾಲರ ಹಾಡು, ಜಯಂತಿಯವರ ಮುಖ. ಮಕ್ಕಳ ಪುಸ್ತಕಗಳ ಓಬವ್ವ ಈ ಎರಡು ನೆರಳಿನಲ್ಲಿ ಬೆಳೆದವಳು. ಹಾಡಿನಷ್ಟು ಹೊತ್ತು ಬಂದು, ಹೊಡೆದು, ಸತ್ತು ಹೋಗುತ್ತಾಳೆ. ಅವಳಿಗೆ ಹಿಂದಿನ ದಿನ ಅನ್ನೋದೇ ಇಲ್ಲ. ಆ ಒನಕೆಯಲ್ಲಿ ನಿನ್ನೆ ಯಾರ ಮನೆಯ ಕಾಳು ಕುಟ್ಟಿದಳು ಅಂತ ಯಾರೂ ಕೇಳಲಿಲ್ಲ.

ಡಿ.ಆರ್. ನಾಗರಾಜ್ 1993ರ ‘ದಿ ಫ್ಲೇಮಿಂಗ್ ಫೀಟ್’ನಲ್ಲಿ ಗಾಂಧಿಯ ಆತ್ಮಶುದ್ಧಿಯ ದಾರಿಯನ್ನೂ ಅಂಬೇಡ್ಕರರ ಆತ್ಮಗೌರವದ ದಾರಿಯನ್ನೂ ಎದುರುಬದುರು ನಿಲ್ಲಿಸಿ ನೋಡಿದರು. ಶಾಲೆ ಓಬವ್ವನಿಗೆ ಇವೆರಡನ್ನೂ ಕೊಡಲಿಲ್ಲ. ಅದು ಕೊಟ್ಟದ್ದು ಬರೀ ವೈಭವ. ವೈಭವಕ್ಕೆ ಒಂದು ಅನುಕೂಲ ಇದೆ: ಅದನ್ನು ಕೊಟ್ಟವನು ತನ್ನದೇನನ್ನೂ ಬಿಟ್ಟುಕೊಡಬೇಕಾಗಿಲ್ಲ. ಜಯಂತಿಯ ದಿನ ಓಬವ್ವನ ಫೋಟೋಗೆ ಹಾರ ಹಾಕಿ, ಮಾರನೆಯ ದಿನ ದಲಿತ ಹೆಂಗಸು ಮಾಡಿದ ಬಿಸಿಯೂಟ ಮಕ್ಕಳಿಗೆ ಬೇಡ ಅನ್ನಬಹುದು. ಅಂಥ ಸುದ್ದಿ ರಾಜ್ಯದ ಹಲವು ಕಡೆಯಿಂದ ಬಂದಿದೆ. ನಾಡಿಗಾಗಿ ಸತ್ತವಳ ಕೈ ಪವಿತ್ರ, ಸೌಟು ಹಿಡಿದವಳ ಕೈ ಮೈಲಿಗೆ. ಈ ಎರಡು ಮಾತೂ ಒಂದೇ ಶಾಲೆಯ ಕಾಂಪೌಂಡಿನೊಳಗೆ ಜಗಳವಿಲ್ಲದೆ ಬದುಕುತ್ತವಲ್ಲ, ಹೇಗೆ? ಹಾರ ಒಂದು ಪೀರಿಯಡ್ಡಿಗೆ ಸೇರಿದೆ, ಊಟ ಪೀರಿಯಡ್ಡೇ ಅಲ್ಲ, ಅದಕ್ಕೆ.

‘ಚಿಕ್ಕ ಮಕ್ಕಳ ತಲೆಗೆ ಜಾತಿ ಯಾಕೆ ತುಂಬ್ತೀರಿ ಸಾರ್?’ ಅನ್ನೋ ಪ್ರಶ್ನೆ ಬರುತ್ತದೆ. ಕೇಳುವವರಲ್ಲಿ ಒಳ್ಳೆಯ ಮನಸ್ಸಿನವರೂ ಇದ್ದಾರೆ. ಅವರ ಹೆದರಿಕೆ ಸುಳ್ಳಲ್ಲ. ‘ಓಬವ್ವ ನಿಮ್ಮೋಳು ಕಣೋ’ ಅಂತ ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸಿದರೆ ಅದು ಗೌರವ ಅಲ್ಲ, ಇನ್ನೊಂದು ಅವಮಾನ. ಮೂವತ್ತು ಕಣ್ಣು ಅದರ ಮೇಲೆ ಬೀಳುತ್ತವೆ. ಆದ್ದರಿಂದ ಪ್ರಶ್ನೆಯನ್ನು ಮಗುವಿಗೆ ಕೇಳಬಾರದು, ವಸ್ತುವಿಗೆ ಕೇಳಬೇಕು. ಒನಕೆಗೆ ಕೇಳಬೇಕು, ಕೊಡಕ್ಕೆ ಕೇಳಬೇಕು. ವಸ್ತು ಎಲ್ಲ ಮಕ್ಕಳ ಮನೆಯಲ್ಲೂ ಇರುತ್ತದೆ ಅಥವಾ ಇಲ್ಲದೆ ಹೋಗಿರುತ್ತದೆ. ಅದರ ಹಿಂದೆ ಹೋದರೆ ಜಾತಿ ತಾನಾಗಿಯೇ ಎದುರಾಗುತ್ತದೆ. ಅದನ್ನು ಹೊತ್ತು ನಿಲ್ಲುವ ಭಾರ ಒಂದೇ ಮಗುವಿನದಾಗೋದಿಲ್ಲ.

ಗಣಿತದಿಂದಲೇ ಶುರು ಮಾಡೋಣ. ಸತ್ತ ಸೈನಿಕರನ್ನು ಎಣಿಸುವುದು ಬಿಟ್ಟು ಕುಟ್ಟಿದ ಕಾಳನ್ನು ಎಣಿಸಬಹುದು. ನಾಲ್ಕು ಪಾವಿಗೆ ಒಂದು ಸೇರು. ಒಂದು ಮನೆಗೆ ದಿನಕ್ಕೆ ಎಷ್ಟು ಸೇರು, ಒಂದು ಸೇರಿಗೆ ಎಷ್ಟು ಪೆಟ್ಟು? ಅಜ್ಜಿಯನ್ನು ಕೇಳಿಕೊಂಡು ಬರಲಿ. ಅಲ್ಲಿಂದ ನಮ್ಮ ಸೀಮೆಯ ದುಡಿಮೆಗೆ ಒಂದೇ ಹೆಜ್ಜೆ. ತಿಪಟೂರಿನ ಉಂಡೆ ಕೊಬ್ಬರಿಗೆ 2024ರ ಹಂಗಾಮಿನಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಇತ್ತು, ಅಂದರೆ ಕೆ.ಜಿ.ಗೆ 120. ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗುತ್ತದೆ, ಆಮೇಲೆ ಸುಲಿಯುತ್ತಾರೆ, ಒಡೆಯುತ್ತಾರೆ. ಸಾವಿರ ಕಾಯಿ ಸುಲಿದವನಿಗೆ ಕೂಲಿ ಎಷ್ಟು? ಆ 120ರಲ್ಲಿ ಅವನ ಪಾಲು ಎಷ್ಟು? ತೋಟದವರ ಮಗು ಒಂದು ಸಂಖ್ಯೆ ತರುತ್ತದೆ, ಸುಲಿಯುವವನ ಮಗು ಇನ್ನೊಂದು ತರುತ್ತದೆ. ಭಾಗಾಕಾರ ಇಬ್ಬರಿಗೂ ಒಂದೇ.

ಪರಿಸರ ಅಧ್ಯಯನಕ್ಕೆ ದುರ್ಗದ ಹೊಂಡಗಳಿವೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಮುಂದೆ ಕೆಳಗಿನ ಸಿಹಿನೀರು ಹೊಂಡದ ಕಡೆಗೆ ನೀರು ಇಳಿಯುವ ಜಾಣ ವ್ಯವಸ್ಥೆ ಅದು. ನೀರು ಹೇಗೆ ಇಳಿಯಿತು ಅಂತ ಕಲಿಸುವ ಮೇಷ್ಟ್ರು ಹೊಂಡ ತೋಡಿದವರು ಯಾರು, ತುಂಬಿಕೊಂಡವರು ಯಾರು ಅಂತಲೂ ಕೇಳಲಿ. ನಮ್ಮೂರ ಹಳೆ ಬಾವಿಗೂ ಅದೇ ಪ್ರಶ್ನೆ ಕೇಳಲಿ. ಕನ್ನಡದ ಪೀರಿಯಡ್ಡಿನಲ್ಲಿ ಮಕ್ಕಳು ಓಬವ್ವನ ಹಿಂದಿನ ದಿನವನ್ನು ಬರೆಯಲಿ, ಕುಟ್ಟುವಾಗ ಹೇಳುವ ಪದಗಳನ್ನು ಅಜ್ಜಿಯರಿಂದ ಕಲಿತು ಬರಲಿ. ಹಾಡು ಇರುವ ಮನೆಗಳು ಯಾವುವು ಅನ್ನೋದು ಆಗ ಗೊತ್ತಾಗುತ್ತದೆ. ಆ ಪೀರಿಯಡ್ಡಿನ ಮಟ್ಟಿಗಾದರೂ ಕೇರಿಯ ಅಜ್ಜಿ ಶಾಲೆಯ ಗುರು.

ನಮ್ಮವರಿಗೂ ಒಂದು ಮಾತು. ರಾಜನ ಕೋಟೆ ಕಾಯಲು ಸತ್ತ ಹೆಂಗಸನ್ನು ನಾವ್ಯಾಕೆ ಮೆರೆಸಬೇಕು, ಇದು ಸ್ವಾಮಿನಿಷ್ಠೆಯ ಕಥೆ ಅಲ್ಲವೇ ಅನ್ನುವ ಗೆಳೆಯರಿದ್ದಾರೆ. ಪ್ರಶ್ನೆ ಸರಿಯಾಗಿದೆ. ಆದರೆ ಆಕೆ ಒನಕೆ ಹಿಡಿದಾಗ ಅಲ್ಲಿ ರಾಜ ಇರಲಿಲ್ಲ, ಅಪ್ಪಣೆಯೂ ಇರಲಿಲ್ಲ. ಉಣ್ಣುತ್ತಿದ್ದ ಗಂಡ, ಮನೆ, ನೀರಿನ ದಾರಿ ಇದ್ದವು. ಅದನ್ನು ರಾಜನಿಷ್ಠೆ ಅಂತ ಹೆಸರಿಟ್ಟವರು ಆಮೇಲಿನವರು. ಹಾಗೇ ಇದನ್ನು ಹಿಂದೂ ಹೆಣ್ಣು, ಮುಸ್ಲಿಂ ದಾಳಿಕೋರ ಅನ್ನೋ ಕಥೆ ಮಾಡಲು ಹೊರಟವರೂ ಇದ್ದಾರೆ. ಅಲ್ಲಿ ನಾವು ಮೈಮರೆಯಬಾರದು. ಹೈದರ್ ಹಲವು ಪಾಳೆಯಗಾರರನ್ನು ಮಣಿಸಿ ರಾಜ್ಯ ಕಟ್ಟಿದವನು. ದುರ್ಗ ಬಿದ್ದ ಮೇಲೆ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದವನು. ಅದು ರಾಜ್ಯಗಳ ಜಗಳ. ಅದನ್ನು ಧರ್ಮದ ಜಗಳ ಮಾಡಿ ಓಬವ್ವನ ಕೈಗೆ ಕೊಟ್ಟರೆ, ಪಕ್ಕದ ಬೆಂಚಿನ ಸಾಬರ ಹುಡುಗನ ಮೇಲೆ ಒನಕೆ ಎತ್ತಿದ ಹಾಗೆ ಆಗುತ್ತದೆ. ದಲಿತರ ಸ್ಮೃತಿ ಇನ್ನೊಬ್ಬರ ದ್ವೇಷಕ್ಕೆ ಬಾಡಿಗೆಗೆ ಹೋಗಬಾರದು.

ಕಥೆಯನ್ನು ಎಲ್ಲ ವಿಷಯಗಳಿಗೂ ಹಂಚಿ ಕಲಿಸುವ ಕ್ರಮವನ್ನು ನಾವು ಬೇಡ ಅನ್ನಬಾರದು, ಕೈವಶ ಮಾಡಿಕೊಳ್ಳಬೇಕು. ಈ ಸೀಮೆಯಲ್ಲಿ ತೋಟ ಇದ್ದವರ ಮಕ್ಕಳು ವ್ಯಾನ್ ಹತ್ತಿ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಸರ್ಕಾರಿ ಶಾಲೆಯಲ್ಲಿ ಉಳಿದಿರುವವರಲ್ಲಿ ಹೆಚ್ಚಿನವರು ಕಾಯಿ ಸುಲಿಯುವವರ, ನಾರು ಬಡಿಯುವವರ ಮಕ್ಕಳು. ಅವರಿಗೆ ಗಣಿತ, ವಿಜ್ಞಾನ, ಚರಿತ್ರೆ ಅವರದೇ ಮನೆಯ ದುಡಿಮೆಯ ಒಳಗಿಂದ ಬರಬೇಕು. ನಮ್ಮ ಸಂಘಟನೆಯ ಗೆಳೆಯರು ಜಯಂತಿಗೆ ಫ್ಲೆಕ್ಸ್ ಕಟ್ಟುವ ದಿನ ಊರ ಶಾಲೆಗೂ ಒಂದು ಗಳಿಗೆ ಹೋಗಿ, ಮೇಷ್ಟ್ರ ಜೊತೆ ಕೂತು ಆ ವರ್ಷದ ಪಾಠಯೋಜನೆ ನೋಡಲಿ. ನಾಲ್ಕು ವಿಷಯದ ನಾಲ್ಕು ಹಾಳೆಯಲ್ಲಿ ಊಟ ಎಲ್ಲಿದೆ, ನೀರು ಎಲ್ಲಿದೆ, ಒನಕೆ ಎಲ್ಲಿದೆ ಅಂತ ಹುಡುಕಲಿ. ಇಲ್ಲದಿದ್ದರೆ ಅಲ್ಲೇ ಕೂತು ಬರೆಸಲಿ. ವಿಮರ್ಶೆಯ ಕೆಲಸ ಅಲ್ಲೂ ಇದೆ.