ಹೊಳಪಿಗೆ ದುಡ್ಡೋ, ಅಕ್ಷರಕ್ಕೆ ದುಡ್ಡೋ? ಹಳೆ ನಾಣ್ಯದ ‘ಗ್ರೇಡ್’ ಬಗ್ಗೆ ಒಂದು ತಕರಾರು

ಶಾಸನ ಓದುವ ಜಾಗದಲ್ಲಿ ನಾಣ್ಯ ಕೊಳ್ಳುವ ಮಾತು ಯಾಕೆ ಅಂತ ಕೆಲವರು ಕೇಳಬಹುದು. ಬರಹ ಇರುವ ನಾಣ್ಯ ಅಂದ್ರೆ ಅಂಗೈಯಲ್ಲಿ ಹಿಡಿಯೋ ಶಾಸನವೇ. ಆದರೆ ಅದನ್ನು ಕೊಳ್ಳೋ ಹೊತ್ತಿಗೆ ನಾವು ಶಾಸನದ ಓದುಗರಾಗಿ ಉಳಿಯೋದಿಲ್ಲ, ಒಡವೆ ಕೊಳ್ಳೋರಾಗಿಬಿಡುತ್ತೇವೆ. ನಾನೂ ಹಾಗೆ ಆಗಿದ್ದೇನೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷದ ಹಿಂದೆ ನಾಣ್ಯ ಮಾರುವವರೊಬ್ಬರು ನನ್ನ ಮುಂದೆ ಟಿಪ್ಪುವಿನ ಎರಡು ತಾಮ್ರದ ಪೈಸೆ ಇಟ್ಟರು. ಒಂದರಲ್ಲಿ ಆನೆ ಸೊಂಡಿಲಿನಿಂದ ಬಾಲದವರೆಗೆ ಚೊಕ್ಕವಾಗಿತ್ತು, ತಾಮ್ರ ಕೆಂಪಗೆ ಹೊಳೀತಿತ್ತು. ಕವರಿನ ಮೇಲೆ ‘ಎಕ್ಸ್‌ಎಫ್’ ಅಂತ ಬರೆದಿತ್ತು. ಟಂಕಸಾಲೆ ಪಟ್ಟಣ, ಅಂದರೆ ಶ್ರೀರಂಗಪಟ್ಟಣ. ಇನ್ನೊಂದು ಕರ್ರಗಿತ್ತು, ಆನೆಯ ಬೆನ್ನು ಸವೆದಿತ್ತು. ಬೆಲೆ ಮೊದಲನೆಯದರ ಕಾಲು ಭಾಗವೂ ಇರಲಿಲ್ಲ. ಆದರೆ ಹಿಂಬದಿಯಲ್ಲಿ ಪಾರ್ಸಿ ಅಕ್ಷರ ಕೂಡಿಸಿ ಓದಿದರೆ ‘ಫರ್ರುಖ್‌ಯಾಬ್ ಹಿಸಾರ್’ ಅಂತ ಸ್ಪಷ್ಟವಾಗಿ ಬರುತ್ತಿತ್ತು. ಅದು ಟಿಪ್ಪು ಚಿತ್ರದುರ್ಗಕ್ಕೆ ಇಟ್ಟ ಹೆಸರು. ನಮ್ಮ ಬಿಳಿಚೋಡು ಇರುವ ಜಗಳೂರು ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚಿತ್ರದುರ್ಗಕ್ಕೇ ಸೇರಿತ್ತು. ಇಷ್ಟೆಲ್ಲ ಗೊತ್ತಿದ್ದೂ ನಾನು ಹೊಳೆಯೋದನ್ನೇ ತಗೊಂಡೆ. ‘ಕೈಲಾದಷ್ಟು ಮೇಲಿನ ಗ್ರೇಡ್ ತಗೊಳ್ಳಿ, ದುಡ್ಡು ಹಾಳಾಗಲ್ಲ’ ಅನ್ನೋ ಬುದ್ಧಿಮಾತು ತಲೆಯಲ್ಲಿ ಕೂತಿತ್ತು. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಮೈತುಂಬ ಒಂದೇ ದಿಕ್ಕಿನ ಸಣ್ಣ ಗೀರುಗಳು. ಯಾರೋ ಉಜ್ಜಿ ಬೆಳಗಿದ್ದರು. ಆ ಕರ್ರಗಿನ ಪೈಸೆ ಕೇಳಲು ಮತ್ತೆ ಹೋದಾಗ ಅದು ಮಾರಾಟವಾಗಿತ್ತು. ಅಂಥದ್ದು ನನಗೆ ಇನ್ನೂ ಸಿಕ್ಕಿಲ್ಲ.

ತಪ್ಪು ನನ್ನದೇ. ಆದರೆ ಆ ಬುದ್ಧಿಮಾತನ್ನು ಒಮ್ಮೆ ಪರೀಕ್ಷಿಸಬೇಕು.

ಈಗ ಎಲ್ಲರ ಬಾಯಲ್ಲಿರುವ 1ರಿಂದ 70ರ ಅಳತೆಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ಮಾಡಿದ್ದು. ತೀರಾ ಸವೆದದ್ದರ ಬೆಲೆ 1 ಆದರೆ, ಎಲ್ಲಕ್ಕಿಂತ ಚೆನ್ನಾಗಿ ಉಳಿದದ್ದರ ಬೆಲೆ ಅದರ 70 ಪಟ್ಟು ಅನ್ನೋದು ಅವನ ಲೆಕ್ಕ. ಅಂದರೆ ಈ ಅಳತೆ ಹುಟ್ಟುವಾಗಲೇ ಬೆಲೆಪಟ್ಟಿಯಾಗಿತ್ತು. 1980ರ ದಶಕದಲ್ಲಿ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳು ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಅಂಕ ಬರೆಯೋಕೆ ಶುರು ಮಾಡಿದ ಮೇಲೆ ಅದೇ ಪ್ರಮಾಣವಾಯಿತು. ಒಂದೇ ಅಳತೆಯ ಬಿಲ್ಲೆಗಳನ್ನು ಯಂತ್ರದಲ್ಲಿ ಒತ್ತಿದ ನಾಣ್ಯಗಳಿಗೆ ಇದು ಸರಿಹೊಂದುತ್ತದೆ. ಅಲ್ಲಿ ಎಲ್ಲ ನಾಣ್ಯಗಳೂ ಒಂದೇ ಥರ ಹುಟ್ಟುತ್ತವೆ, ಆಮೇಲೆ ಎಷ್ಟು ಸವೆದವು ಅನ್ನೋದಷ್ಟೇ ಪ್ರಶ್ನೆ.

ನಮ್ಮ ಹಳೆಯ ನಾಣ್ಯಗಳು ಹಾಗೆ ಹುಟ್ಟಿದವಲ್ಲ. ಬಿಲ್ಲೆಯನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದವು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಮೈಸೂರಿನ ಕಂಠೀರವ ನರಸರಾಜ ಒಡೆಯರ ಹಣವನ್ನೇ ನೋಡಿ. ಅರ್ಧ ಗ್ರಾಂ ಕೂಡ ತೂಗದ ಆ ಚಿನ್ನದ ಚೂರಿನಲ್ಲಿ ಒಂದು ಕಡೆ ನರಸಿಂಹ, ಇನ್ನೊಂದು ಕಡೆ ‘ಶ್ರೀ ಕಂಠೀರವ’ ಅನ್ನುವ ನಾಗರಿ ಬರಹ. ಒಂದು ದಿನವೂ ಚಲಾವಣೆಯಾಗದ ಹಣದಲ್ಲೂ ಅರ್ಧ ಬರಹ ಬಿಲ್ಲೆಯಿಂದ ಆಚೆ ಹೋಗಿರಬಹುದು. ಅದಕ್ಕೆ ಗ್ರೇಡ್ ಮೇಲಿನದ್ದೇ ಸಿಗುತ್ತದೆ, ಆದರೆ ಓದೋಕೆ ಏನೂ ಇರಲ್ಲ. ಅಂದರೆ ಗ್ರೇಡ್ ಅಳೆಯೋದು ಹುಟ್ಟಿದ ಮೇಲಿನ ಸವಕಲನ್ನು ಮಾತ್ರ. ಬರಹ ಪೂರ್ತಿ ಬಿದ್ದಿದೆಯೋ ಇಲ್ಲವೋ ಅನ್ನೋದು ಅದರ ಲೆಕ್ಕದಲ್ಲಿಲ್ಲ.

ಹೊಯ್ಸಳರ ಚಿನ್ನದ ಗದ್ಯಾಣಗಳಲ್ಲಿ ಇದು ಇನ್ನೂ ಸ್ಪಷ್ಟ. ವಿಷ್ಣುವರ್ಧನನ ನಾಣ್ಯಗಳಲ್ಲಿ ಕನ್ನಡ ಬರಹ ಇರುತ್ತದೆ: ಒಂದು ಬಗೆಯಲ್ಲಿ ‘ಶ್ರೀ ತಳಕಾಡುಗೊಂಡ’, ಇನ್ನೊಂದರಲ್ಲಿ ‘ಶ್ರೀ ನೊಣಂಬವಾಡಿಗೊಂಡ’. ಆ ನೊಣಂಬವಾಡಿ ಅಂದರೆ ನಮ್ಮ ಈ ಸೀಮೆಯೇ, ಅದರ ಗಟ್ಟಿ ನೆಲೆಯಾಗಿದ್ದ ಉಚ್ಚಂಗಿದುರ್ಗ ನಮ್ಮೂರಿಂದ ದೂರವೇನಿಲ್ಲ. ‘ಶ್ರೀ’ ಮತ್ತು ‘ಗೊಂಡ’ ಎರಡರಲ್ಲೂ ಒಂದೇ. ನಡುವೆ ಇರುವ ನಾಡಿನ ಹೆಸರೇ ನಾಣ್ಯದ ಇತಿಹಾಸ. ಸಿಂಹದ ಜೂಲು ಎಷ್ಟೇ ಚೂಪಾಗಿದ್ದರೂ ಆ ಹೆಸರು ಅಂಚಿನಲ್ಲಿ ಕತ್ತರಿಸಿ ಹೋಗಿದ್ದರೆ ಕೈಯಲ್ಲಿ ಉಳಿಯೋದು ಸುಮಾರು ನಾಲ್ಕು ಗ್ರಾಂ ಚಿನ್ನ ಅಷ್ಟೆ. ಸಿಂಹ ಮಸುಕಾಗಿದ್ದು ಹೆಸರು ಉಳಿದಿದ್ದರೆ ಅದು ಒಂದು ದಾಖಲೆ.

ಎನ್‌ಜಿಸಿಯವರಿಗೂ ಈ ಕೊರತೆ ಗೊತ್ತು. ಪ್ರಾಚೀನ ನಾಣ್ಯಗಳಿಗೆ ಗ್ರೇಡ್ ಜೊತೆಗೆ ಅಚ್ಚೊತ್ತಿಗೆ 5ರಲ್ಲಿ ಎಷ್ಟು, ಮೇಲ್ಮೈಗೆ 5ರಲ್ಲಿ ಎಷ್ಟು ಅಂತ ಬೇರೆಯಾಗಿ ಕೊಡುತ್ತಾರೆ. ಒಳ್ಳೆಯ ಹೆಜ್ಜೆ. ಆದರೂ ‘ಓದಬಹುದಾದ ಅಕ್ಷರ ಎಷ್ಟು’ ಅನ್ನೋ ಕಲಂ ಅಲ್ಲೂ ಇಲ್ಲ. ಅದನ್ನು ನಾವೇ ಹಾಕಿಕೊಳ್ಳಬೇಕು.

ಹಿಂದಿನವರು ಹಣವನ್ನು ಹೇಗೆ ತೂಗುತ್ತಿದ್ದರು ಅನ್ನೋದಕ್ಕೆ ಶಾಸನಗಳೇ ಸಾಕ್ಷಿ. ದತ್ತಿ ಬಿಟ್ಟವರು ಬರೀ ಗದ್ಯಾಣ ಅನ್ನದೆ ‘ಲೊಕ್ಕಿ ಗದ್ಯಾಣ’ ಅಂತ ಬರೆಸಿದ್ದಾರೆ, ಅಂದರೆ ಲಕ್ಕುಂಡಿಯ ಟಂಕಸಾಲೆಯದು. ವಿಜಯನಗರದ ಕಾಲಕ್ಕೆ ‘ಘಟ್ಟಿ ವರಹ’ ಬರುತ್ತದೆ. ಅವರಿಗೆ ಮುಖ್ಯವಾದದ್ದು ಎಲ್ಲಿ ಅಚ್ಚಾಯಿತು, ಚಿನ್ನ ಎಷ್ಟು ಗಟ್ಟಿ ಅನ್ನೋದು. ಹೊಳಪಿನ ಮಾತಿಲ್ಲ. ಕನ್ನಡದಲ್ಲಿ ‘ನಾಣ್ಯ’ ಅನ್ನೋ ಪದಕ್ಕೇ ಗುಣಮಟ್ಟ, ಪ್ರಾಮಾಣಿಕತೆ ಅನ್ನೋ ಅರ್ಥಗಳೂ ಇವೆ.

ಹಾಗಂತ ಗ್ರೇಡ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಯಂತ್ರದಲ್ಲಿ ಒತ್ತಿದ ಬ್ರಿಟಿಷ್ ಕಾಲದ ರೂಪಾಯಿಗಳಿಗೆ ಅದು ಬೇಕು. ಅಲ್ಲೂ ಒಂದು ಮಾತು: 1862ರ ವಿಕ್ಟೋರಿಯಾ ರೂಪಾಯಿ ಅದೇ ಇಸವಿ ಹೊತ್ತು ಹತ್ತಕ್ಕೂ ಹೆಚ್ಚು ವರ್ಷ ಅಚ್ಚಾಯಿತು, ಹಿಂಬದಿಯ ಸಣ್ಣ ಚುಕ್ಕೆಗಳನ್ನು ಎಣಿಸಿ ಬಗೆಗಳನ್ನು ಬೇರ್ಪಡಿಸುತ್ತಾರೆ. ಹಾಗಾಗಿ ಚುಕ್ಕೆ ಕಾಣುವ ಗ್ರೇಡ್ ಬೇಕು. ‘ವೆರಿ ಫೈನ್’ ಮಟ್ಟದ್ದು ಸಾಮಾನ್ಯವಾಗಿ ಸಾಕು. ಅದರಿಂದ ಮೇಲಕ್ಕೆ ಹೋದಂತೆ ಬೆಲೆ ಜಿಗಿಯುತ್ತದೆ, ತಿಳುವಳಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಮುಂದೆ ಮಾರುವಾಗ ಮೇಲಿನ ಗ್ರೇಡ್ ಬೇಗ ಹೋಗುತ್ತೆ ಅನ್ನೋ ವಾದವೂ ನಿಜ. ಆದರೆ ಅದು ವ್ಯಾಪಾರಿಯ ಲೆಕ್ಕ.

ಹಾಗಾಗಿ ನನ್ನ ಸಲಹೆ ಇಷ್ಟು. ಬರಹ ಇರುವ ನಾಣ್ಯವಾದರೆ ಮೊದಲು ಹೆಸರು, ಟಂಕಸಾಲೆ, ಇಸವಿ ಈ ಮೂರರಲ್ಲಿ ಎಷ್ಟು ಓದಬಹುದು ನೋಡಿ. ಟಿಪ್ಪುವಿನ ಮೌಲೂದಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು ಅನ್ನೋದು ನೆನಪಿರಲಿ, 1799ರವರೆಗಿನ ಪೈಸೆಗಳಲ್ಲಿ ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಆಮೇಲೆ ತೂಕ ನೋಡಿ. ಚಿತ್ರ ಎಷ್ಟು ಸವೆದಿದೆ ಅನ್ನೋದು ಕೊನೆಗೆ. ಬರಹ ಪೂರ್ತಿ ಇದ್ದು ಚಿತ್ರ ಮಧ್ಯಮ ಸ್ಥಿತಿಯಲ್ಲಿದ್ದರೆ ಕೊಟ್ಟ ದುಡ್ಡಿಗೆ ಅದಕ್ಕಿಂತ ಒಳ್ಳೆಯದು ಸಿಗೋದು ಕಷ್ಟ.

ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜಬೇಡಿ. ಶಾಸನದ ಕಲ್ಲಿಗೆ ಸುಣ್ಣ ಬಳಿದರೆ ನಮಗೆ ಹೊಟ್ಟೆ ಉರಿಯುತ್ತೆ. ಸುಣ್ಣವನ್ನಾದರೂ ನಿಧಾನಕ್ಕೆ ತೆಗೆಯಬಹುದು, ತಾಮ್ರದಿಂದ ಹೋದ ಅಕ್ಷರ ವಾಪಸ್ ಬರಲ್ಲ.

ಇನ್ನು ಯಾವ ಗ್ರೇಡೂ ಅಳೆಯದ ಒಂದು ಸಂಗತಿ ಇದೆ: ಎಲ್ಲಿ ಸಿಕ್ಕಿತು ಅನ್ನೋದು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಎಂ. ಎಚ್. ಕೃಷ್ಣ ಅವರು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಸಾತವಾಹನರ ನಾಣ್ಯಗಳೂ ರೋಮಿನ ಬೆಳ್ಳಿ ದಿನಾರಿಗಳೂ ಸಿಕ್ಕವು. ಅಲ್ಲಿನ ಸೀಸದ ನಾಣ್ಯಗಳನ್ನು ಮಾರುಕಟ್ಟೆಗೆ ಇಟ್ಟರೆ ಕೆಳಗಿನ ಗ್ರೇಡೇ ಬರಬಹುದು. ಆದರೆ ಈ ನೆಲದ ಕಾಲಗಣನೆಗೆ ಆಧಾರವಾದದ್ದು ಅವೇ. ಅದಕ್ಕೇ ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯ ಸಿಕ್ಕರೆ ಅದು ಮಾರೋ ಮಾಲಲ್ಲ, ಕಾನೂನಿನ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಕೊಳ್ಳುವವರೂ ಎಲ್ಲಿಂದ ಬಂತು ಅಂತ ಕೇಳಬೇಕು. ಉತ್ತರ ಸಿಗದಿದ್ದರೆ ಗ್ರೇಡ್ ಎಷ್ಟೇ ಇರಲಿ, ಬಿಟ್ಟುಬಿಡೋದು ಒಳ್ಳೆಯದು.

ನನ್ನ ಹತ್ತಿರ ಇರುವ ಆ ಹೊಳೆಯುವ ಪೈಸೆ ಈಗ ಮೆಲ್ಲಗೆ ಕಪ್ಪಾಗುತ್ತಿದೆ. ಹಾಗೇ ಬಿಟ್ಟಿದ್ದೇನೆ. ಫರ್ರುಖ್‌ಯಾಬ್ ಹಿಸಾರಿನ ಪೈಸೆ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಎರಡೂ ಬದಿಯ ಚಿತ್ರ, ತೂಕ ಹಂಚಿಕೊಳ್ಳಿ. ಎಷ್ಟೇ ಸವೆದಿದ್ದರೂ ಪರವಾಗಿಲ್ಲ, ಕೂತು ಓದೋಣ.