ಗಂಟೆಯೆಣಿಸುವ ಫರ್ಮ್‌ವೇರ್

ಸರ್ವರುಗಳ ಪಾಲನೆಯಲ್ಲಿ ತೊಡಗಿದವರ ನಡುವೆ ಬಹುಕಾಲದಿಂದ ಸಲ್ಲುತ್ತ ಬಂದಿರುವ ಮಾತೊಂದಿದೆ: ನಡೆಯುತ್ತಿರುವ ಯಂತ್ರವನ್ನು ಮುಟ್ಟಬಾರದು. ಅದು ನಿರಾಧಾರವಾದುದೆನ್ನಲಾಗದು; 2009ರಲ್ಲಿ ಸೀಗೇಟ್ ಸಂಸ್ಥೆಯು ಬರಾಕುಡಾ 7200.11 ಡಿಸ್ಕುಗಳ ದೋಷನಿವಾರಣೆಗೆಂದು ಹೊರಡಿಸಿದ ಫರ್ಮ್‌ವೇರೇ ಕೆಲವು ಡಿಸ್ಕುಗಳನ್ನು ನಿಶ್ಚೇಷ್ಟಗೊಳಿಸಿತು. ಆದರೆ ಈ ಅನುಭವವನ್ನು ಸಿದ್ಧಾಂತದ ಪದವಿಗೇರಿಸಿದವರು, 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಹೊರಡಿಸಿದ ಎಚ್ಚರಿಕೆಯನ್ನು ಅವಶ್ಯವಾಗಿ ಓದತಕ್ಕದ್ದು.

ಎಚ್‌ಪಿಡಿ8 ಎಂಬ ಆವೃತ್ತಿಗಿಂತ ಹಿಂದಿನ ಫರ್ಮ್‌ವೇರನ್ನು ಹೊತ್ತ ಕೆಲವು ಎಸ್‌ಎಎಸ್ ಎಸ್‌ಎಸ್‌ಡಿಗಳು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ, ಚಾಲನೆಯಲ್ಲಿದ್ದ ಮೇಲೆ ನಿಂತುಹೋಗುವುವೆಂದೂ, ಬಳಿಕ ಡಿಸ್ಕಾಗಲಿ ದತ್ತಾಂಶವಾಗಲಿ ಮರಳಿ ದೊರೆಯದೆಂದೂ ಅದು ಸಾರಿತು. ಹದಿನಾರು ಬಿಟ್ಟುಗಳ ಧನ-ಋಣಸಹಿತ ಸಂಖ್ಯೆಯ ಮೇರೆ 32,767ಕ್ಕೇ ಮುಗಿಯುವುದನ್ನು ಬಲ್ಲವರಿಗೆ ಅಪರಾಧಿಯನ್ನು ಊಹಿಸುವುದು ಕಷ್ಟವಲ್ಲ. ಇಲ್ಲಿ ಮುಟ್ಟದಿರುವುದೇ ಮರಣಕಾರಣ! ಇದಕ್ಕಿಂತ ದಾರುಣವಾದ ಸಂಗತಿ ಇನ್ನೊಂದಿದೆ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ವಿದ್ವಾಂಸರು ಪ್ರತಿಪಾದಿಸಿದ, ಕೆಟ್ಟ ಡಿಸ್ಕನ್ನು ಉಳಿದವುಗಳಿಂದ ಪುನರ್ನಿರ್ಮಿಸುವ ರೇಡ್ ವ್ಯವಸ್ಥೆಯ ಗಣಿತವು, ಡಿಸ್ಕುಗಳು ಒಂದರ ಹಂಗಿಲ್ಲದೆ ಇನ್ನೊಂದು ಕೆಡುವುವೆಂಬ ಗ್ರಹಿಕೆಯ ಮೇಲೆ ನಿಂತಿರುವುದಷ್ಟೆ. ಒಂದೇ ದಿನ ಚಾಲನೆಗೊಂಡ ಡಿಸ್ಕುಗಳೆಲ್ಲವೂ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಮಡಿಯುವಾಗ, ಅತ್ಯುತ್ತಮ ರೇಡ್ ನಿಯಂತ್ರಕವೂ ಯಾವುದರಿಂದ ಯಾವುದನ್ನು ಪುನರ್ನಿರ್ಮಿಸೀತು?

ಗಂಟೆಯನ್ನೂ ಪರಿಣಾಮವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ ಆ ಎಚ್ಚರಿಕೆ ಶ್ಲಾಘ್ಯವೇ ಸರಿ. 2020ರ ಮಾರ್ಚಿನಲ್ಲಿ ಬೇರೆ ಕೆಲವು ಡಿಸ್ಕುಗಳಿಗೆ 40,000 ಗಂಟೆಗಳ ಗಡುವನ್ನು ಅದೇ ಸಂಸ್ಥೆ ಸಾರಿತು. ದ್ವಿಮಾನ ಗಣಿತದಲ್ಲಿ ಈ ಸಂಖ್ಯೆಗೆ ಯಾವ ವಿಶೇಷವೂ ಇಲ್ಲವಾದುದರಿಂದ ಊಹೆಗೂ ಎಡೆಯಿರಲಿಲ್ಲ. ಈ ಬಗೆಯ ದೋಷವನ್ನು ಕುರಿತು ಡೆಲ್ ಸಂಸ್ಥೆ ನೀಡಿದ ಟಿಪ್ಪಣಿಯಾದರೋ, ಚಕ್ರಾಕಾರದ ಬಫರಿನ ಸೂಚ್ಯಂಕವನ್ನು ಪರೀಕ್ಷಿಸುವಲ್ಲಿ ಪರಮಾವಧಿಗೆ ಬದಲಾಗಿ ಅದಕ್ಕಿಂತ ಒಂದು ಕಡಿಮೆಯಾದ ಮೌಲ್ಯವನ್ನು ಇಟ್ಟುಕೊಂಡದ್ದೇ ತಪ್ಪೆಂದು ಒಂದೆರಡು ವಾಕ್ಯಗಳಲ್ಲಿ ಒಪ್ಪಿಕೊಂಡಿತು. ಫರ್ಮ್‌ವೇರ್ ಆವೃತ್ತಿಯ ಜೊತೆಗೆ ಬರತಕ್ಕ ಟಿಪ್ಪಣಿಗೆ ಇದನ್ನು ಮಾದರಿಯೆನ್ನಬೇಕು. ‘ಸ್ಥಿರತೆಯನ್ನು ಸುಧಾರಿಸಲಾಗಿದೆ’ ಎಂಬ ವಾಡಿಕೆಯ ಒಕ್ಕಣೆ, ಯಾವ ದೋಷ ಹೋಯಿತೆಂದೂ ತಡಮಾಡಿದರೆ ಏನಾದೀತೆಂದೂ ತಿಳಿಸದು. ಹಳೆಯ ಆವೃತ್ತಿಗೆ ಅಂಟಿಕೊಂಡಿರುವವನ ಅಂಜಿಕೆಗೆ ಅರ್ಧ ಹೊಣೆ ಈ ಒಕ್ಕಣೆಯದೇ.

ಆದುದರಿಂದ ಡಿಸ್ಕುಗಳನ್ನು ಕೊಳ್ಳುವವರು ಬೆಲೆಯನ್ನು ಮಾತ್ರವಲ್ಲದೆ ಕಳೆದ ನಾಲ್ಕಾರು ಆವೃತ್ತಿಗಳ ಟಿಪ್ಪಣಿಗಳನ್ನೂ ಕೇಳಿ ಪಡೆಯಲಿ; ಈಗಾಗಲೇ ಕೊಂಡವರು ಡಿಸ್ಕು ತಾನೇ ದಾಖಲಿಸುವ ಸ್ಮಾರ್ಟ್ ಅಂಕಿಗಳಲ್ಲಿರುವ ಗಂಟೆಯೆಣಿಕೆಯನ್ನು ಇಂದೇ ನೋಡಿಕೊಳ್ಳಲಿ.