ನೀಲಗಿರಿಯ ಆಫ್ ಸೀಸನ್: ಎಣಿಕೆಗೆ ಸಿಗುವವರು, ಸಿಗದವರು

ಈಗಷ್ಟೆ ಮಂಡನೆಯಾದ ಪ್ರಬಂಧಕ್ಕೆ ಪ್ರತಿಕ್ರಿಯೆ ಕೊಡಬೇಕು ಅಂತ ಮೇಷ್ಟ್ರು ಹೇಳಿದ್ದಾರೆ. ನೀಲಗಿರಿಗೆ ಸೀಸನ್ ಇಲ್ಲದ ತಿಂಗಳುಗಳಲ್ಲಿ ಎಷ್ಟು ಜನ ಬರುತ್ತಾರೆ, ಎಂಥವರು ಬರುತ್ತಾರೆ ಎಂದು ಅಳೆಯುವ ಪ್ರಯತ್ನ ಅದು. ಕೋಷ್ಟಕಗಳು ಅಚ್ಚುಕಟ್ಟಾಗಿವೆ, ಒಪ್ತೀನಿ. ನನ್ನ ತಕರಾರು ಅಂಕಿಗಳ ಮೇಲಲ್ಲ, ಅವುಗಳ ಮೇಲೆ ಬರೆದಿರುವ ‘ಪ್ರವಾಸಿಗರು’ ಅನ್ನೋ ತಲೆಬರಹದ ಮೇಲೆ.

ಪ್ರವಾಸೋದ್ಯಮದ ಅಂಕಿಅಂಶಗಳಿಗೆ ವಿಶ್ವಸಂಸ್ಥೆ 2008ರಲ್ಲಿ ಶಿಫಾರಸುಗಳನ್ನು ಕೊಟ್ಟಿದೆ. ಅದರ ಪ್ರಕಾರ ತನ್ನ ರೂಢಿಯ ಓಡಾಟದ ವಲಯ ಬಿಟ್ಟು ಹೊರಗೆ ಹೋದವರನ್ನಷ್ಟೆ ಭೇಟಿಗಾರರು ಅನ್ನಬೇಕು. ಅವರಲ್ಲೂ ರಾತ್ರಿ ತಂಗಿದವರು ಪ್ರವಾಸಿಗಳು, ಅದೇ ದಿನ ವಾಪಸಾದವರು ಬೇರೆ. ಈ ‘ರೂಢಿಯ ವಲಯ’ ಅನ್ನೋದು ಗಡಿನಾಡಿನಲ್ಲಿ ಬಲು ತೊಡಕಿನ ಮಾತು. ಗುಂಡ್ಲುಪೇಟೆಯವರು ಮಸಿನಗುಡಿಯ ನೆಂಟರ ಮನೆಗೆ ಹೋದರೆ, ಗೂಡಲೂರಿಗೆ ವ್ಯಾಪಾರಕ್ಕೆ ಬಂದರೆ, ರಾಜ್ಯದ ಗಡಿ ದಾಟಿದ್ದು ನಿಜ; ರೂಢಿ ದಾಟಿದ್ರಾ? ಪ್ರಬಂಧದಲ್ಲಿ ಮಾತ್ರ ಗಡಿ ದಾಟಿದವರೆಲ್ಲ ‘ಹೊರರಾಜ್ಯದ ಪ್ರವಾಸಿಗರು’.

ಲೆಕ್ಕದ ಮೂಲಗಳನ್ನು ನೋಡಿ. ಒಂದು, ಉದ್ಯಾನಗಳ ಟಿಕೆಟ್. ಒಂದೇ ಕುಟುಂಬ ಬೆಳಿಗ್ಗೆ ಬೊಟಾನಿಕಲ್ ಗಾರ್ಡನ್, ಮಧ್ಯಾಹ್ನ ಗುಲಾಬಿ ತೋಟ, ಸಂಜೆ ಬೋಟ್ ಹೌಸ್ ನೋಡಿದರೆ ಮೂರು ಸಲ ಎಣಿಕೆಯಾಗುತ್ತದೆ. ಹಬ್ಬಕ್ಕೆ, ಸಾವಿಗೆ, ಕೂಲಿಗೆ ಬಂದವರು ಒಂದು ಸಲವೂ ಆಗುವುದಿಲ್ಲ. ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಇನ್ನೊಂದು, ಇ-ಪಾಸ್. ಪ್ರಬಂಧ ನಿಂತಿರುವುದೇ ಇದರ ಮೇಲೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ತೀನಿ. ಸೀಸನ್ನಿನಲ್ಲಿ ದಿನಕ್ಕೆ ಸುಮಾರು 20,000 ವಾಹನ ಬರುತ್ತವೆ ಎಂಬ ಲೆಕ್ಕ ನೋಡಿ ಮದ್ರಾಸ್ ಹೈಕೋರ್ಟ್ ಗಾಬರಿಪಟ್ಟು, 2024ರ ಮೇ 7ರಿಂದ ಪಾಸ್ ಜಾರಿಗೆ ಬಂತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನ ಎಂಬ ಮಿತಿಯೂ ಬಂತು. ಅಂದ್ರೆ ಇದು ಹುಟ್ಟಿದ್ದೇ ಸೀಸನ್ನಿನ ವಾಹನ ದಟ್ಟಣೆಗೆ. ನೀಲಗಿರಿಯಲ್ಲೇ ನೋಂದಣಿಯಾದ ವಾಹನಕ್ಕೆ ಪಾಸ್ ಬೇಡ, ಸರ್ಕಾರಿ ಬಸ್ಸಿನಲ್ಲಿ ಬರುವವರಿಗೂ ಬೇಡ. ಜುಲೈ-ಆಗಸ್ಟಿನ ಮಳೆಯಲ್ಲಿ ಕಾರಿನವರು ಇಳಿದಾಗ ಒಟ್ಟು ಓಡಾಟದಲ್ಲಿ ಬಸ್ಸಿನವರ ಪಾಲು ತಾನಾಗಿಯೇ ಏರುತ್ತದೆ, ಅಲ್ವಾ? ಹಾಗಾದರೆ ಪಾಸಿನ ಲೆಕ್ಕ ಯಾವ ತಿಂಗಳಲ್ಲಿ ಅತಿ ಹೆಚ್ಚು ಜನರನ್ನು ಬಿಟ್ಟುಬಿಡುತ್ತದೋ, ಅದೇ ತಿಂಗಳಿಗೆ ನಾವು ಅದನ್ನು ಅಳತೆಗೋಲು ಮಾಡಿಕೊಂಡಿದ್ದೇವೆ.

ನಂಬರ್ ಪ್ಲೇಟ್ ನೋಡಿ ಜನರ ಹಿನ್ನೆಲೆ ಹೇಳಿರುವ ಭಾಗ ನನಗೆ ಎಲ್ಲಕ್ಕಿಂತ ದುರ್ಬಲವಾಗಿ ಕಂಡಿತು. ಕೆಎ ಅಂದರೆ ಕರ್ನಾಟಕದ ಪ್ರವಾಸಿ, ಕೆಎಲ್ ಅಂದರೆ ಕೇರಳದ ಪ್ರವಾಸಿ. ಓಣಂ ದಿನಗಳಲ್ಲಿ ಕೆಎಲ್ ಗಾಡಿ ನೋಡಿ ಹಾಗೆ ಹೇಳಿದರೆ ಬಹುಪಾಲು ಸರಿಯಾಗಬಹುದು. ಆದರೆ ಬಡಗರ ಹೆತ್ತೆ ಹಬ್ಬ ತಗೊಳ್ಳಿ. ಡಿಸೆಂಬರ್-ಜನವರಿಯ ಚಳಿಯಲ್ಲಿ, ಮೇ ತಿಂಗಳ ಸೀಸನ್ನಿಗೂ ಸೆಪ್ಟೆಂಬರ್-ಅಕ್ಟೋಬರಿನ ಎರಡನೇ ಸೀಸನ್ನಿಗೂ ಸೇರದ ಕಾಲದಲ್ಲಿ ಬರುವ ಹಬ್ಬ. ಬೆಂಗಳೂರಲ್ಲಿ ಕೆಲಸಕ್ಕಿರುವ ಬಡಗ ಕುಟುಂಬ ಕೆಎ ಗಾಡಿಯಲ್ಲಿ ತನ್ನ ಹಟ್ಟಿಗೆ ಬರುತ್ತದೆ. ಗಾಡಿ ಕರ್ನಾಟಕದ್ದು, ಮನೆ ನೀಲಗಿರಿಯದು. ನಿಮ್ಮ ಕೋಷ್ಟಕದಲ್ಲಿ ಅವರು ಚಳಿಗಾಲದ ಹವೆ ಸವಿಯೋಕೆ ಬಂದ ಬೆಂಗಳೂರಿಗರು! 2011ರ ಜನಗಣತಿ ಬಡಗ ನುಡಿಯಾಡುವ 1,33,550 ಜನರನ್ನು ಕನ್ನಡದ ಅಡಿಯಲ್ಲಿ ಸೇರಿಸಿತ್ತು. ಅದು ಸರಿಯೋ ತಪ್ಪೋ ಬೇರೆ ಚರ್ಚೆ, ಬಡಗರಲ್ಲೇ ಒಪ್ಪದವರಿದ್ದಾರೆ. ಆದರೆ ಜನಗಣತಿಯವರು ಮನೆಯ ಮಾತು ಯಾವುದು ಅಂತ ಬಾಯಿಬಿಟ್ಟು ಕೇಳಿದ್ದರು. ನಾವು ಗಾಡಿಯನ್ನು ಕೇಳುತ್ತಿದ್ದೇವೆ.

ರಾತ್ರಿ ತಂಗಿದವರ ಲೆಕ್ಕಕ್ಕೂ ಒಂದು ಮಾತು ಸೇರಿಸ್ತೀನಿ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. ಕೆಲಸ ಮುಗಿಯೋದು ತಡವಾಗಿ ಗೇಟ್ ತಪ್ಪಿಸಿಕೊಂಡವರು ಗೂಡಲೂರಿನಲ್ಲೇ ಒಂದು ರೂಮು ಹಿಡಿದರೆ, ಲಾಡ್ಜಿನ ರಿಜಿಸ್ಟರಿನಲ್ಲಿ ಅವರೂ ‘ತಂಗಿದ ಪ್ರವಾಸಿ’. ಇಲ್ಲಿ ತಂಗುವಿಕೆ ತೋರಿಸುವುದು ಊರಿನ ಆಕರ್ಷಣೆಯನ್ನಲ್ಲ, ಗೇಟಿನ ಸಮಯವನ್ನು.

ಪ್ರಶ್ನಾವಳಿಯ ವಿಷಯ. ಆಫ್ ಸೀಸನ್ನಿನಲ್ಲಿ ಜನ ಕಡಿಮೆ, ಆದ್ದರಿಂದ 50 ಜನರನ್ನು ಮಾತಾಡಿಸಿದರೆ ಸಾಕು ಅಂದಿದ್ದೀರಿ. ಸಾಲದು. ಜನ ಕಡಿಮೆಯಾದಷ್ಟೂ ಅವರು ಬರುವ ಕಾರಣಗಳು ಕಡಿಮೆಯಾಗುವುದಿಲ್ಲ. 50ರಲ್ಲಿ 10 ಮಂದಿ, ಅಂದರೆ ಶೇ. 20, ‘ನೆಂಟರ ಮನೆಗೆ’ ಅಂದರು ಅಂತಿಟ್ಟುಕೊಳ್ಳಿ. ಆ 50 ಮಂದಿಯನ್ನು ಯಾದೃಚ್ಛಿಕವಾಗಿಯೇ ಆರಿಸಿದ್ದರೂ ನಿಜವಾದ ಪಾಲು ಶೇ. 9ರಿಂದ 31ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅದರ ಮೇಲೆ ‘ಪ್ರವೃತ್ತಿ’ ಅಂತ ಗೆರೆ ಎಳೆಯೋಕಾಗಲ್ಲ. ಸಾಲದ್ದಕ್ಕೆ ಆ 50 ಮಂದಿಯನ್ನೂ ನಿಲ್ಲಿಸಿದ್ದು ಬೊಟಾನಿಕಲ್ ಗಾರ್ಡನ್ ಬಾಗಿಲಲ್ಲಿ. ಹೂವು ನೋಡೋಕೆ ಬಂದವರನ್ನು ಹಿಡಿದು ಯಾಕೆ ಬಂದ್ರಿ ಅಂತ ಕೇಳಿದ ಹಾಗೆ.

ಇದೆಲ್ಲ ಬರೀ ವಿಧಾನದ ಜಗಳ ಅನ್ನಿಸಬಹುದು. ಆದರೆ ಪ್ರಬಂಧದ ಶಿಫಾರಸು ನೋಡಿ: ಮಳೆ ತಿಂಗಳುಗಳಲ್ಲಿ ಬೇಡಿಕೆ ಇಲ್ಲ, ಗಡಿ ಮಾರ್ಗದ ಬಸ್ಸಿನ ಟ್ರಿಪ್ ಇಳಿಸಬಹುದು. ಎಣಿಕೆಗೇ ಸಿಗದ ಬಸ್ಸಿನವರ ಬಸ್ಸನ್ನೇ ತೆಗೆಯುವ ಸಲಹೆ ಇದು. ಮುಂದಿನ ಸುತ್ತಿಗೆ ನಾಲ್ಕು ಪ್ರಶ್ನೆ ಸೇರಿಸಿ ಅಂತ ಕೇಳ್ತೀನಿ: ಮನೆಯಲ್ಲಿ ಯಾವ ಮಾತು, ಈ ವರ್ಷ ಎಷ್ಟನೇ ಸಲ ಬಂದಿದ್ದು, ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ, ಯಾರನ್ನ ನೋಡೋಕೆ ಬಂದ್ರಿ. ಕೇಳುವ ಜಾಗ ಗೂಡಲೂರು ಬಸ್ ನಿಲ್ದಾಣ, ಮಸಿನಗುಡಿ ಸಂತೆ. ಪ್ರಶ್ನೆಗಳು ಕನ್ನಡ, ಬಡಗ, ತಮಿಳು, ಮಲಯಾಳಂ ನಾಲ್ಕರಲ್ಲೂ ಇರಲಿ. ಪ್ರಬಂಧ ಮಂಡಿಸಿದ ಗೆಳೆಯರಿಗೆ ಸದ್ಯಕ್ಕೆ ನನ್ನ ಪ್ರಶ್ನೆ ಇಷ್ಟೆ: ನೀವು ಮಾತಾಡಿಸಿದ 50 ಮಂದಿಯಲ್ಲಿ ಬಸ್ಸಿನಲ್ಲಿ ಬಂದವರೆಷ್ಟು?